ಒಗರಿಗೂ ಒಂದು ಮರ್ಯಾದೆ

ಜಪಾನಿನವರು ಯಾರಾದರೂ ನಿಮ್ಮನ್ನು ನೋಡಿ ‘ಶಿಬುಯಿ’ ಅಂದರೆ, ಹಿಗ್ಗುವ ಮೊದಲು ಮಾತಿನ ಹಿಂದುಮುಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ನಿಮ್ಮ ಮುಖದ ಬಗ್ಗೆ ಅಂದಿದ್ದರೆ, ನೀವು ಹರಳೆಣ್ಣೆ ಕುಡಿದವರ ಹಾಗೆ ಕೂತಿದ್ದೀರಿ ಎಂದರ್ಥ. ದುಡ್ಡಿನ ವಿಷಯಕ್ಕೆ ಅಂದಿದ್ದರೆ, ನೀವು ಎಂಜಲು ಕೈಯಲ್ಲಿ ಕಾಗೆ ಓಡಿಸುವವರಲ್ಲ. ನಿಮ್ಮ ಅಂಗಿಯ ಬಣ್ಣ, ನಿಮ್ಮ ದನಿ, ಐವತ್ತು ದಾಟಿದ ಮೇಲೆ ನಿಮಗೆ ಬಂದಿರುವ ಒಂದು ಗತ್ತು, ಇವುಗಳ ಬಗ್ಗೆ ಅಂದಿದ್ದರೆ ಮಾತ್ರ ನೀವು ಗೆದ್ದಿರಿ. ಅದಕ್ಕಿಂತ ದೊಡ್ಡ ಹೊಗಳಿಕೆ ಆ ದೇಶದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಇನ್ನು ನೀವು ಮಾಡಿಕೊಟ್ಟ ಚಹದ ಬಗ್ಗೆ ಅಂದಿದ್ದರೆ ಪಾಪ, ಅವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಾರೆ. ಚಹ ಒಗರಾಗಿದೆ.

ಶಿಬುಯಿ ಎಂದರೆ ಮೂಲದಲ್ಲಿ ಅಷ್ಟೇ, ಒಗರು. ಬಾಳೆಕಾಯಿಯ ಸಿಪ್ಪೆಯಲ್ಲಿ, ಎಳೆ ಅಡಿಕೆಯಲ್ಲಿ, ನೇರಳೆಹಣ್ಣಿನಲ್ಲಿ, ಗೇರುಹಣ್ಣಿನಲ್ಲಿ ನಮ್ಮ ನಾಲಗೆಗೆ ಸಿಗುವ ಅದೇ ಒಗರು. ರುಚಿಯ ಮಾತುಗಳು ಅಡುಗೆಮನೆ ಬಿಟ್ಟು ಊರು ತಿರುಗುವುದು ನಮ್ಮಲ್ಲೂ ಇದೆ. ಸುದ್ದಿ ಸಿಹಿಯಾಗಿರುತ್ತದೆ, ನೆನಪು ಕಹಿಯಾಗಿರುತ್ತದೆ, ನೆಂಟರಲ್ಲಿ ಒಬ್ಬರಾದರೂ ಹುಳಿ ಹಿಂಡುವವರಿರುತ್ತಾರೆ, ಅದನ್ನು ಉಪ್ಪುಖಾರ ಹಚ್ಚಿ ಸಾಗಿಸುವವರೂ ಇರುತ್ತಾರೆ. ಒಗರು ಮಾತ್ರ ಊಟದೆಲೆಯಲ್ಲೂ ಮೂಲೆ, ಮಾತಿನಲ್ಲೂ ಮೂಲೆ. ಸನ್ಮಾನ ಸಭೆಯಲ್ಲಿ ‘ನಮ್ಮ ಅಧ್ಯಕ್ಷರು ಬಹಳ ಒಗರು ಮನುಷ್ಯರು’ ಎಂದು ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಹೊಗಳಿದರೆ ಅಧ್ಯಕ್ಷರು ಹಾರ ತೆಗೆದು ಮೇಜಿನ ಮೇಲಿಟ್ಟು ಎದ್ದು ಹೋದಾರು. ಹೀಗಿರುವಾಗ ಒಂದು ಇಡೀ ಸಮಾಜ ಬಾಯಿ ಕಟ್ಟುವ ಈ ರುಚಿಯನ್ನು ಅಟ್ಟದ ಮೇಲಿಟ್ಟು ಪೂಜೆ ಮಾಡಿತೆಂದರೆ, ಅದರ ಹಿಂದೆ ಏನೋ ವ್ಯವಹಾರ ಇರಲೇಬೇಕು.

ಮೊದಲು ಅಕ್ಷರ ನೋಡೋಣ. ಚೀನಾದಿಂದ ಬಂದ ಲಿಪಿಯಲ್ಲಿ ಒಗರಿಗಿರುವ ಹಳೆಯ ರೂಪದಲ್ಲಿ ಎಡಗಡೆ ನೀರಿನ ಮೂರು ಹನಿ, ಬಲಗಡೆ ‘ನಿಲ್ಲು’ ಎಂಬ ಗುರುತು. ಅದೂ ಒಂದಲ್ಲ, ಮೂರು, ಮೇಲೊಂದು, ಕೆಳಗೆರಡು. ನೀರಿಗೆ ಮೂರು ಸಲ ನಿಲ್ಲು ನಿಲ್ಲು ನಿಲ್ಲು ಎಂದು ಕೂಗಿದರೆ ಒಗರು! ಎರಡನೆಯ ಮಹಾಯುದ್ಧದ ನಂತರ ಅಕ್ಷರಗಳನ್ನು ಸರಳ ಮಾಡಹೊರಟವರು ಕೆಳಗಿನ ಎರಡು ‘ನಿಲ್ಲು’ಗಳನ್ನು ತೆಗೆದು ಆ ಜಾಗದಲ್ಲಿ ನಾಲ್ಕು ಚುಕ್ಕಿ ಇಟ್ಟರು. ಮಕ್ಕಳಿಗೆ ಬರೆಯುವ ಕಷ್ಟ ಕಡಿಮೆಯಾಯಿತು, ನಾಲಗೆಗೆ ತಿನ್ನುವ ಕಷ್ಟ ಹಾಗೆಯೇ ಉಳಿಯಿತು. ಜಪಾನಿನ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತರೆ ಅದಕ್ಕೆ ‘ಜೂತಾಯ್’ ಎನ್ನುತ್ತಾರೆ. ಬರೆಯುವಾಗ ಅದರ ಮೊದಲ ಅಕ್ಷರ ಇದೇ ಒಗರು. ಸಂಜೆ ಆರರ ಮೇಲೆ ಬೆಂಗಳೂರಿನ ಮೇಲುಸೇತುವೆಗಳ ಬಾಯಲ್ಲಿ ಸಿಕ್ಕಿಕೊಂಡವರು ಈ ಅಕ್ಷರವನ್ನು ಯಾವ ಗುರುವಿನ ಸಹಾಯವೂ ಇಲ್ಲದೆ ಕಲಿಯಬಹುದು. ತೋಕಿಯೋದಲ್ಲಿ ಹಚಿಕೋ ನಾಯಿಯ ಪ್ರತಿಮೆಯಿರುವ, ನಾಲ್ಕೂ ಕಡೆಯಿಂದ ಜನ ಒಟ್ಟಿಗೆ ರಸ್ತೆಗಿಳಿಯುವ ಆ ಪ್ರಸಿದ್ಧ ಶಿಬುಯಾ ಇದೆಯಲ್ಲ, ಅದರ ಹೆಸರನ್ನೂ ಬರೆಯುವುದು ‘ಒಗರಿನ ಕಣಿವೆ’ ಎಂದೇ.

ಬಾಯೊಳಗೆ ನಡೆಯುವುದೂ ಈ ‘ನಿಲ್ಲು’ ವ್ಯವಹಾರವೇ. ನಮ್ಮ ಜೊಲ್ಲಿನಲ್ಲಿ ಕೆಲವು ಪ್ರೋಟೀನುಗಳಿವೆ. ನಾಲಗೆ, ಕೆನ್ನೆ, ಹಲ್ಲು ಒಂದಕ್ಕೊಂದು ಉಜ್ಜದೆ ಜಾರಿಕೊಂಡಿರುವುದು ಅವುಗಳ ಕೃಪೆ. ಒಗರು ಕಾಯಿಯಲ್ಲಿರುವ ಟ್ಯಾನಿನ್ ಹೋಗಿ ಆ ಪ್ರೋಟೀನುಗಳನ್ನು ಹಿಡಿದು ಗಂಟು ಕಟ್ಟುತ್ತದೆ. ಜಾರುವುದು ನಿಂತಿತು. ನಾಲಗೆ ದೊರಗಾಯಿತು, ಕೆನ್ನೆ ಒಳಕ್ಕೆ ಎಳೆದುಕೊಂಡಿತು, ಮಾತು ತೊದಲಿತು. ಈ ಕಾರಣಕ್ಕಾಗಿಯೇ ಶರೀರಶಾಸ್ತ್ರದವರು ಒಗರನ್ನು ರುಚಿಯ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಅದು ರುಚಿಯಲ್ಲ, ಸ್ಪರ್ಶ ಎನ್ನುತ್ತಾರೆ. ಅವರ ಪಂಕ್ತಿಯಲ್ಲಿರುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ತಡವಾಗಿ ಬಂದು ಕೂತ ಉಮಾಮಿ. ಉಮಾಮಿಯನ್ನು 1908ರಲ್ಲಿ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಹಿಡಿದು ತೆಗೆದವರು ತೋಕಿಯೋ ವಿಶ್ವವಿದ್ಯಾಲಯದ ಇಕೆದ ಕಿಕುನಾಯೆ. ಪಶ್ಚಿಮದವರು ಅದನ್ನು ರುಚಿಯೆಂದು ಒಪ್ಪಿಕೊಳ್ಳುವುದಕ್ಕೆ ಹತ್ತಿರಹತ್ತಿರ ಒಂದು ಶತಮಾನ ಹಿಡಿಯಿತು. ನಾಲಗೆಯ ಮೇಲೆ ಅದಕ್ಕೆಂದೇ ಇರುವ ಗ್ರಾಹಕಗಳು ಸಿಕ್ಕಿದ್ದು ಈ ಶತಮಾನದ ಬಾಗಿಲಲ್ಲಿ. ಒಗರಿನ ಪರ ವಾದಿಸುವ ಅಂಥ ಒಬ್ಬ ಪ್ರೊಫೆಸರು ಸಿಗಲಿಲ್ಲ. ಅರ್ಜಿ ಇನ್ನೂ ಮೇಜಿನ ಮೇಲಿದೆ.

ನಮ್ಮ ಆಯುರ್ವೇದದವರು ಈ ವಿಷಯದಲ್ಲಿ ಉದಾರಿಗಳು. ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ ಎಂದು ಆರು ರಸ ಎಣಿಸಿ, ಕೊನೆಯದಾದರೂ ಸರಿ, ಒಗರಿಗೆ ಒಂದು ಮಣೆ ಹಾಕಿದರು. ಮುಂದೆ ಆ ಕಷಾಯವೇ ನಮ್ಮ ಮನೆಗಳಲ್ಲಿ ಜೀರಿಗೆ ಕೊತ್ತಂಬರಿಯ ಪುಡಿಗೆ ಹಾಲು ಬೆಲ್ಲ ಬೆರೆಸಿಕೊಂಡು, ಒಗರಿನ ಗುರುತೇ ಇಲ್ಲದಂತೆ ಲೋಟ ಸೇರಿತು. ಆ ಮಾತು ಬೇರೆ. ನನಗೆ ಕುತೂಹಲ ಎನಿಸುವುದು ಜಪಾನಿನ ಝೆನ್ ಗುರು ದೋಗೆನ್ ಮಾಡಿದ ಪಟ್ಟಿ. 1237ರಲ್ಲಿ ಆತ ಮಠದ ಅಡುಗೆಯವನಿಗೆಂದೇ ‘ತೆನ್‌ಜೊ ಕ್ಯೋಕುನ್’ ಎಂಬ ಪುಸ್ತಕ ಬರೆದ. ಅಕ್ಕಿಯಲ್ಲಿ ಕಲ್ಲು ಆರಿಸುವುದರಿಂದ ಹಿಡಿದು ಮನಸ್ಸನ್ನು ಹದವಾಗಿಡುವವರೆಗೆ ಅದರಲ್ಲಿ ಎಲ್ಲವೂ ಇದೆ. ಅಲ್ಲಿಯೂ ರುಚಿ ಆರೇ. ಕಹಿ, ಹುಳಿ, ಸಿಹಿ, ಖಾರ, ಉಪ್ಪು, ಐದೂ ನಮ್ಮವೇ. ಆರನೆಯ ಮಣೆಯ ಮೇಲೆ ಮಾತ್ರ ಒಗರು ಇಲ್ಲ, ‘ತಾನ್’ ಎಂಬುದು ಕೂತಿದೆ. ತಾನ್ ಎಂದರೆ ತೆಳು, ಸಪ್ಪೆ, ಯಾವುದೂ ಮೇಲಕ್ಕೇಳದ ಹದ. ನಾವು ಒಗರನ್ನು ಕೂರಿಸಿದ ಜಾಗದಲ್ಲಿ ಅವರು ಸಪ್ಪೆಯನ್ನು ಕೂರಿಸಿದ್ದಾರೆ. ಶಿಬುಯಿ ಎಂದು ಈಗ ಅವರು ಹೊಗಳುವಾಗ ಈ ಎರಡೂ ಒಂದೇ ಮಣೆಯಲ್ಲಿ ಒತ್ತಿಕೊಂಡು ಕೂತಿವೆಯೇನೋ ಎಂದು ನನ್ನ ಗುಮಾನಿ.

ಸಿದ್ಧಾಂತ ಸಾಕು. ಜಪಾನಿನಲ್ಲಿ ಒಗರಿನ ತವರುಮನೆ ‘ಕಾಕಿ’. ಟೊಮೆಟೊ ಗಾತ್ರದ, ಕಿತ್ತಳೆ ಬಣ್ಣದ, ನಾಲ್ಕೆಲೆಯ ಗಟ್ಟಿ ತೊಟ್ಟಿನ ಹಣ್ಣು. ಎಲೆಯೆಲ್ಲ ಉದುರಿದ ಮೇಲೂ ಬರಿಮರದ ತುಂಬ ನೇತಾಡುತ್ತದೆ. ಇದರಲ್ಲಿ ಎರಡು ಪಂಗಡ. ಮರದಲ್ಲೇ ಸಿಹಿಯಾಗುವುದು ಅಮಾಗಾಕಿ, ಬಣ್ಣ ಬಂದರೂ ಒಗರು ಬಿಡದ್ದು ಶಿಬುಗಾಕಿ. ಮೊದಲು ಎಲ್ಲವೂ ಒಗರೇ ಇದ್ದವಂತೆ. ಕಾವಾಸಾಕಿಯ ಓಜೆನ್‌ಜಿ ದೇವಾಲಯದ ಹಿಂದಿನ ಕಾಡಿನಲ್ಲಿ 1214ರಲ್ಲಿ ಮೊದಲ ಸಿಹಿ ಕಾಕಿಯ ಮರ ಸಿಕ್ಕಿತೆಂದು ಅಲ್ಲಿಯ ಜನ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ‘ಪೀಚ್, ಚೆಸ್ಟ್‌ನಟ್ಟಿಗೆ ಮೂರು ವರ್ಷ, ಕಾಕಿಗೆ ಎಂಟು ವರ್ಷ’ ಎಂದು ಅಲ್ಲೊಂದು ಗಾದೆ. ಫಲಕ್ಕೆ ಕಾಯಬೇಕು ಎಂಬ ನೀತಿ. ಎಂಟು ವರ್ಷ ನೀರು ಹಾಕಿ, ಏಣಿ ಇಟ್ಟು ಕೊಯ್ದು, ಕಚ್ಚಿ ನೋಡಿದರೆ ಒಗರು! ಆ ಗಳಿಗೆಯ ಮನಸ್ಥಿತಿಗೆ ಗಾದೆ ಮಾಡುವುದನ್ನು ಹಿರಿಯರು ಮರೆತಿದ್ದಾರೆ.

ಕತೆಯನ್ನಂತೂ ಮಾಡಿದ್ದಾರೆ. ಕೋತಿ ಮತ್ತು ಏಡಿಯ ಜಗಳದ ಕತೆ ಜಪಾನಿನ ಮಕ್ಕಳಿಗೆಲ್ಲ ಗೊತ್ತು. ಕೋತಿ ತನ್ನಲ್ಲಿದ್ದ ಕಾಕಿ ಬೀಜ ಕೊಟ್ಟು ಏಡಿಯ ಅನ್ನದುಂಡೆ ಇಸಿದುಕೊಳ್ಳುತ್ತದೆ. ಏಡಿ ಬೀಜ ಬಿತ್ತಿ ಮರ ಮಾಡುತ್ತದೆ, ಆದರೆ ಹತ್ತಲಾರದು. ಕೊಯ್ದುಕೊಡುತ್ತೇನೆಂದು ಹತ್ತಿದ ಕೋತಿ ಹಣ್ಣನ್ನೆಲ್ಲ ತಾನು ತಿಂದು, ಕೆಳಗೆ ಕಾದಿದ್ದ ಏಡಿಯ ಮೇಲೆ ಹಸಿರು ಗಟ್ಟಿ ಒಗರುಕಾಯಿ ಎಸೆಯುತ್ತದೆ. ಏಡಿ ಸತ್ತಿತು. ಮುಂದೆ ಏಡಿಯ ಮರಿಗಳು ಒಂದು ಚೆಸ್ಟ್‌ನಟ್, ಒಂದು ಕಣಜ, ಒಂದು ಒರಳುಕಲ್ಲು, ಒಂದು ಸಗಣಿಯ ಮುದ್ದೆಯನ್ನು ಜೊತೆ ಮಾಡಿಕೊಂಡು ಹೋಗಿ ಕೋತಿಯನ್ನು ಮುಗಿಸುತ್ತವೆ. ಸಗಣಿ ಬಾಗಿಲಲ್ಲಿ ಬಿದ್ದುಕೊಂಡು ಜಾರಿಸುವ ಪಾತ್ರ ನನಗೆ ಬಹಳ ಇಷ್ಟ. ಆದರೆ ನಮ್ಮ ವಿಷಯ ಒಗರುಕಾಯಿ. ತಿನ್ನಲಾಗದ್ದು ಎಸೆಯುವುದಕ್ಕೆ ಒದಗಿತು.

ಗಿಡದ ಕಡೆಯಿಂದ ನೋಡಿದರೆ ಒಗರಿರುವುದೇ ಅದಕ್ಕೆ: ಬೀಜ ಬಲಿಯುವ ತನಕ ಯಾರೂ ಬಾಯಿ ಹಾಕಕೂಡದು. ಕುಕಿ ಶೂಜೊ ಎಂಬ ತತ್ವಶಾಸ್ತ್ರಜ್ಞ ಯುರೋಪಿನಲ್ಲಿ ವರ್ಷಗಟ್ಟಲೆ ಓದಿ ಬಂದು, 1930ರಲ್ಲಿ ಜಪಾನೀ ಅಭಿರುಚಿಯ ಮೇಲೆ ಒಂದು ಸಣ್ಣ ಪುಸ್ತಕ ಬರೆದರು, ‘ಇಕಿ ನೋ ಕೋಜೊ’. ಅದರಲ್ಲಿ ಅವರು ಒಗರನ್ನು ಸಿಹಿಗೆ ಎದುರಾಗಿ ನಿಲ್ಲಿಸುತ್ತಾರೆ. ಸಿಹಿ ಎಂದರೆ ಇನ್ನೊಬ್ಬರ ಕಡೆಗೆ ಬಾಗುವುದು, ಒಗರು ಎಂದರೆ ತನ್ನನ್ನು ಕಾಪಾಡಿಕೊಳ್ಳುವುದು. ಕಾಕಿ ಕಾಗೆಯಿಂದ ತಪ್ಪಿಸಿಕೊಳ್ಳುವುದು ಒಗರಿನಿಂದ. ಚೆಸ್ಟ್‌ನಟ್ಟಿನ ಒಳಸಿಪ್ಪೆ ಒಗರಾಗಿರುವುದು ಹುಳದ ಕಾಟಕ್ಕೆ. ಮನುಷ್ಯರು ಮುಖ ಒಗರು ಮಾಡಿಕೊಂಡು ಕೂರುವುದು ಬೇರೆ ಮನುಷ್ಯರು ಹತ್ತಿರ ಬರದಿರಲಿ ಎಂದು. ಚಂದಾ ಪುಸ್ತಕ ಹಿಡಿದವರು ಗೇಟು ತೆಗೆದಾಗ ನಮ್ಮ ಯಜಮಾನರುಗಳ ಮುಖದಲ್ಲಿ ಬರುವ ಬದಲಾವಣೆಯನ್ನು ಕ್ಯೋತೊದ ಪ್ರೊಫೆಸರು ಕುಕಿ ಹೀಗೆ ಮೊದಲೇ ವಿವರಿಸಿಟ್ಟಿದ್ದಾರೆ.

ಆದರೆ ಒಗರನ್ನು ಇಷ್ಟು ಮೆರೆಸುವ ಜನವೇ ಒಗರು ಕಾಕಿಯನ್ನು ಹಾಗೆಯೇ ತಿನ್ನುತ್ತಾರೆಯೆ? ಎಲ್ಲಾದರೂ ಉಂಟೆ! ಅದರ ಒಗರು ತೆಗೆಯಲು ಅವರು ಪಟ್ಟ ಪಾಡು ದೊಡ್ಡದು. ಬೆಚ್ಚನೆಯ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸುವುದು ಒಂದು ಉಪಾಯ. ನೀರು ಬಿಸಿಯಾಗಿ ಕುದಿಯಲೂ ಕೂಡದು, ಆರಿ ತಣ್ಣಗಾಗಲೂ ಕೂಡದು. ಇನ್ನೊಂದು, ಹಣ್ಣಿನ ತೊಟ್ಟನ್ನು ಶೋಚು ಎಂಬ ಭಟ್ಟಿ ಸಾರಾಯಿಯಲ್ಲಿ ಅದ್ದಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡುವುದು. ಹಿಂದಿನ ಕಾಲದಲ್ಲಿ ಸಾಕೆ ಖಾಲಿಯಾದ ಮರದ ಪೀಪಾಯಿಗಳಲ್ಲಿ ತುಂಬಿಡುತ್ತಿದ್ದರು. ಅದಕ್ಕೆ ‘ತಾರುಗಾಕಿ’, ಪೀಪಾಯಿ ಹಣ್ಣು, ಎಂದೇ ಹೆಸರು. ಹೈಕು ಕವಿ ಮಸಾವೊಕ ಶಿಕಿಗೆ ಹಣ್ಣಿನ ಹುಚ್ಚು ವಿಪರೀತ. ಅವರು ಒಮ್ಮೆ ದೊಡ್ಡ ತಾರುಗಾಕಿಗಳನ್ನು ಕೂತಲ್ಲೇ ಹದಿನಾರು ತಿಂದರೆಂದು ಗೆಳೆಯ ನಾತ್ಸುಮೆ ಸೋಸೆಕಿ 1908ರ ‘ಸಾನ್‌ಶಿರೊ’ ಕಾದಂಬರಿಯಲ್ಲಿ ಒಂದು ಪಾತ್ರದ ಬಾಯಲ್ಲಿ ಹೇಳಿಸಿದ್ದಾರೆ. ಆ ಹೊತ್ತಿಗೆ ಶಿಕಿ ತೀರಿಕೊಂಡು ಆರು ವರ್ಷವಾಗಿತ್ತು, ಎದ್ದು ಬಂದು ಇಲ್ಲವೆನ್ನುವಂತಿರಲಿಲ್ಲ. 1895ರ ಅಕ್ಟೋಬರದಲ್ಲಿ ಕ್ಷಯದ ಮೈಯಲ್ಲೇ ನಾರಾಕ್ಕೆ ಹೋಗಿ ಅವರು ಕಾಕಿಯ ಮೇಲೆ ಬರೆದ ಹೈಕು ಎಷ್ಟು ಪ್ರಸಿದ್ಧವೆಂದರೆ, ಈಗ ಅಕ್ಟೋಬರ್ 26 ಅಲ್ಲಿ ಕಾಕಿ ದಿನ.

ಸಾರಾಯಿ ಹಾಕಿದರೆ ಒಗರು ಎಲ್ಲಿ ಹೋಗುತ್ತದೆ? ಕುಡಿದು ಮಲಗುತ್ತದೆ ಎಂದರೆ ತಮಾಷೆ, ಆದರೆ ತೀರಾ ಸುಳ್ಳಲ್ಲ. ಹಣ್ಣಿನೊಳಗೆ ಅಸಿಟಾಲ್ಡಿಹೈಡ್ ಎಂಬುದು ಹುಟ್ಟಿ, ಕರಗುವ ಟ್ಯಾನಿನ್ನನ್ನು ಒಂದಕ್ಕೊಂದು ಬೆಸೆದು ಕರಗದ ಹಾಗೆ ಮಾಡುತ್ತದೆ. ಕರಗದಿದ್ದರೆ ಜೊಲ್ಲಿನ ತಂಟೆಗೆ ಬರಲಾರದು, ಬಾಯಿಗೆ ಗೊತ್ತಾಗದು. ಹೆಚ್ಚಿದ ಹಣ್ಣಿನಲ್ಲಿ ಎಳ್ಳು ಚೆಲ್ಲಿದಂತೆ ಕಾಣುವ ಕಂದು ಚುಕ್ಕಿಗಳು ಹುಳುಕಲ್ಲ, ಹೀಗೆ ಗಡ್ಡೆಕಟ್ಟಿದ ಟ್ಯಾನಿನ್. ಜಪಾನೀಯರೂ ಅದನ್ನು ಎಳ್ಳು ಎಂದೇ ಕರೆಯುತ್ತಾರೆ. ಒಟ್ಟಿನಲ್ಲಿ ಒಗರು ಅಲ್ಲಿಂದ ಹೋಗಿರುವುದಿಲ್ಲ. ಅಲ್ಲೇ ಇದೆ, ಇದ್ದಷ್ಟೂ ಇದೆ, ಸುಮ್ಮನಿದೆ. ಶಿಬುಯಿಯ ಗುಟ್ಟೆಲ್ಲ ಇಲ್ಲೇ ಇದೆಯೆಂದು ನನ್ನ ತೀರ್ಮಾನ. ಅವರು ಮೆಚ್ಚುವುದು ಒಗರಿಲ್ಲದವರನ್ನಲ್ಲ, ಒಗರು ಕಾರುವವರನ್ನೂ ಅಲ್ಲ. ಒಗರಿದ್ದೂ ಸುಮ್ಮನಿರುವವರನ್ನು. ತಕಾಕುರ ಕೆನ್ ಎಂಬ ನಟ 2014ರಲ್ಲಿ ತೀರಿಕೊಳ್ಳುವ ತನಕ ಸಿನಿಮಾದಿಂದ ಸಿನಿಮಾಕ್ಕೆ ಹೆಚ್ಚು ಮಾತಾಡದೆ, ಹೆಚ್ಚು ನಗದೆ, ಹಿಮದಲ್ಲಿ ನಿಂತುಕೊಂಡೇ ಜನರ ಕಣ್ಣಲ್ಲಿ ನೀರು ತರಿಸಿದರು. ಶಿಬುಯಿ ನಟ ಯಾರೆಂದು ಕೇಳಿದರೆ ಹಳಬರು ಮೊದಲು ಹೇಳುವುದು ಅವರ ಹೆಸರು.

ಒಣಗಿಸುವುದು ಇನ್ನೂ ಹಳೆಯ ಉಪಾಯ, ಇನ್ನೂ ಚಂದದ್ದು. ಒಗರುಕಾಯಿಯ ಸಿಪ್ಪೆ ಹೆರೆದು, ದಾರ ಕಟ್ಟಲು ತುಂಡು ರೆಂಬೆ ಉಳಿಸಿಕೊಂಡು, ಸೂರಿನ ಕೆಳಗೆ ಸಾಲಾಗಿ ನೇತುಹಾಕುತ್ತಾರೆ. ಚಳಿಗಾಳಿ ಬೇಕು, ಬಿಸಿಲು ಬೇಕು, ಮಳೆ ಬರಕೂಡದು. ಮೇಲ್ಮೈ ಸ್ವಲ್ಪ ಒಣಗಿದ ಮೇಲೆ ಒಂದೊಂದನ್ನೂ ಕೈಯಲ್ಲಿ ಹಿಡಿದು ಮೆಲ್ಲಗೆ ಹಿಸುಕಬೇಕು. ಒಳಗಿನ ತಿರುಳು ಸಡಿಲಾಗಿ ನೀರು ಹೊರಗೆ ಬರುವುದಕ್ಕೆ ಈ ಉಪಚಾರ. ತಿಂಗಳು ಒಂದೂವರೆ ತಿಂಗಳಿಗೆ ಮೈಮೇಲೆ ಬೆಳ್ಳಗೆ ಪುಡಿ ಏಳುತ್ತದೆ. ಬೂಷ್ಟೆಂದು ಹೊಸಬರು ಒರೆಸಿ ಎಸೆಯುವುದುಂಟು. ಅದು ಹಣ್ಣಿನದೇ ಸಕ್ಕರೆ. ಇದು ಹೊಶಿಗಾಕಿ. ಸಕ್ಕರೆ ದುಬಾರಿಯಿದ್ದ ಕಾಲದಲ್ಲಿ ಅವರ ಮಿಠಾಯಿಯ ಸಿಹಿಗೆ ಇದೇ ಅಳತೆಗೋಲಾಗಿತ್ತು. ಫುಕುಶಿಮಾ ಸೀಮೆಯ ದಾತೆ ಎಂಬಲ್ಲಿ ಇದರ ತಮ್ಮನೊಬ್ಬನಿದ್ದಾನೆ, ಆನ್‌ಪೊಗಾಕಿ. ಗಂಧಕದ ಹೊಗೆ ಕೊಟ್ಟು ಬಣ್ಣ ಕೆಡದಂತೆ ಅರೆ ಒಣಗಿಸಿದ್ದು, ಒಳಗೆ ಇನ್ನೂ ಪಾಕ. 2011ರ ಅಣುಸ್ಥಾವರ ದುರಂತದ ನಂತರ ಇದನ್ನು ಮಾರುವಂತಿರಲಿಲ್ಲ, ಏಕೆಂದರೆ ನೀರು ಆರಿದಷ್ಟೂ ಹಣ್ಣಿನಲ್ಲಿ ಸೀಸಿಯಮ್ ದಟ್ಟವಾಗುತ್ತದೆ. ಚಳಿಗಾಲದಲ್ಲಿ ಆ ರೈತರು ಮರಗಳ ತೊಗಟೆಯನ್ನು ಒಂದೊಂದಾಗಿ ಜೋರು ನೀರಿನ ಪಿಚಕಾರಿಯಿಂದ ತೊಳೆದರು. 2013ರಲ್ಲಿ ಒಂದಿಷ್ಟು ಹಣ್ಣು ಮತ್ತೆ ಪೇಟೆಗೆ ಬಂತು.

ಕಾಕಿ ನಮಗೆ ತೀರಾ ದೂರದ ನೆಂಟನೇನಲ್ಲ. ಹಿಮಾಚಲದ ಕುಲು ಕಡೆ ಬೆಳೆಯುತ್ತಾರೆ, ‘ಜಪಾನಿ ಫಲ್’ ಎಂಬ ಹೆಸರು ಹೊತ್ತು ಚಳಿಯ ಸುರುವಿಗೆ ಬೆಂಗಳೂರಿನ ಹಣ್ಣಿನಂಗಡಿಗಳಿಗೂ ಬರುತ್ತದೆ. ಸಾಗರದ ಹತ್ತಿರದ ನಮ್ಮತ್ತೆಯ ಮನೆಗೆ ಅದನ್ನು ಹೊತ್ತುಕೊಂಡು ಹೋದದ್ದು ಬೆಂಗಳೂರಿನ ಮೊಮ್ಮಗ.

“ಎಂತ ತಮಾ ಇದು, ಟೊಮೆಟೊವಾ?”

“ಅಲ್ಲ ಅಮ್ಮಮ್ಮ, ಜಪಾನಿ ಹಣ್ಣು.”

ಹಣ್ಣು ಕಲ್ಲಿನಷ್ಟು ಗಟ್ಟಿ. ಇಬ್ಬರೂ ಒಂದೊಂದು ಹೋಳು ಬಾಯಿಗಿಟ್ಟರು. ಹುಡುಗನ ಮುಖ ಜೂತಾಯ್‌ನಲ್ಲಿ ಸಿಕ್ಕಿಕೊಂಡಿತು. ನಾಲಗೆ ಹೊರಗೆ ಹಾಕಿ ಅಂಗಿಯ ತೋಳಿನಿಂದ ಒರೆಸಿಕೊಳ್ಳತೊಡಗಿದ. ಅತ್ತೆ ಮಾತ್ರ ನಿಧಾನಕ್ಕೆ ಅಗಿಯುತ್ತಲೇ ಇದ್ದರು. ಎಪ್ಪತ್ತು ದಾಟಿದವರು, ಅದರಲ್ಲಿ ಅರವತ್ತು ವರ್ಷ ಬಾಯಲ್ಲಿ ಅಡಿಕೆ ಇಟ್ಟುಕೊಂಡವರು. “ಹಸಿ ಅಡಿಕೆ ಅಗಿದ ಹಾಗೇ ಆತಪ್ಪ. ಇದಕ್ಕೆ ಜಪಾನಿನ ತನಕ ಹೋಗಬೇಕಾ? ನಮ್ಮ ಅಂಗಳದಲ್ಲೇ ಬಿದ್ದಿತ್ತಲ್ಲ” ಎಂದು, ಎದ್ದು ಹೋಗಿ ಉಳಿದ ಹಣ್ಣುಗಳನ್ನು ಅಕ್ಕಿಯ ಡಬ್ಬದಲ್ಲಿ ಹುಗಿದರು. ವಾರದ ಮೇಲೆ ತೆಗೆದಾಗ ಸಿಪ್ಪೆಯೊಳಗೆ ಬರೀ ಪಾಯಸ, ಚಮಚದಲ್ಲಿ ತಿಂದರು. ಜಪಾನೀಯರು ಇದೇ ಕೆಲಸಕ್ಕೆ ಚೀಲದಲ್ಲಿ ಒಂದು ಸೇಬು ಜೊತೆಗಿಡುತ್ತಾರೆಂದು ನಾನು ಹೇಳಿದೆ. “ಸೇಬು ದಂಡ” ಅಂದರು. ಇದೇ ಅತ್ತೆ ಬಾಳೆಹೂವಿನ ಪಲ್ಯಕ್ಕೆ ಹೂವು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುವವರು. ಮಜ್ಜಿಗೆಯ ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಒಗರು ಹೋಗುವುದು ಎಂದು ವಿವರಿಸಿದರೆ, ಮತ್ತೆ ಹಾಕುವುದು ಎಂತಕ್ಕೆ ಎಂದು ನನ್ನನ್ನೇ ಕೇಳುತ್ತಾರೆ.

ಅತ್ತೆಯ ಅಂಗಳದ ಮಾತು ಬಂತಲ್ಲ, ಅದರಲ್ಲಿ ಇನ್ನೂ ಒಂದಿಷ್ಟು ಸತ್ಯವಿದೆ. ಜಪಾನಿನಲ್ಲಿ ಬೇಸಿಗೆಯ ಕೊನೆಗೆ ಹಸಿರು ಒಗರು ಕಾಕಿಯನ್ನು ಜಜ್ಜಿ, ರಸ ಹಿಂಡಿ, ಹುಳಿಸಿ, ವರ್ಷಗಟ್ಟಲೆ ಇಟ್ಟು ‘ಕಾಕಿಶಿಬು’ ಮಾಡುತ್ತಾರೆ. ಕ್ಯೋತೊದ ದಕ್ಷಿಣದ ಹಳ್ಳಿಗಳು ಇದಕ್ಕೆ ಹೆಸರುವಾಸಿ. ಕಂದು ಬಣ್ಣ, ಪಕ್ಕದ ಬೀದಿಗೂ ಮುಟ್ಟುವ ನಾತ. ಆದರೆ ಬಳಿದ ಕಡೆ ನೀರು ಇಳಿಯದು, ಹುಳ ಹಿಡಿಯದು. ಕಾಗದದ ಕೊಡೆಗೆ ಇದೇ, ಮೀನುಬಲೆಗೆ ಇದೇ, ಮನೆಯ ಕಂಬಕ್ಕೂ ಇದೇ. ಕಿಮೊನೊ ಬಟ್ಟೆಗೆ ಚಿತ್ತಾರ ಅಚ್ಚೊತ್ತುವ ಇಸೆ ಕಡೆಯ ಕಾಗದದ ಪಡಿಯಚ್ಚುಗಳನ್ನು ಪದರಪದರವಾಗಿ ಅಂಟಿಸುವುದೂ ಇದರಿಂದಲೇ. ಸಾಕೆ ಹಿಂಡುವ ಚೀಲಗಳನ್ನು ಇದರಲ್ಲಿ ಅದ್ದಿ ಗಟ್ಟಿ ಮಾಡುತ್ತಿದ್ದರು. ಹಳತಾದ ಆ ಚೀಲಗಳಿಂದ ಹೊಲಿದ ಕೈಚೀಲಗಳಿಗೆ ಈಗ ಹೊಸ ಚೀಲಕ್ಕಿಂತ ಹೆಚ್ಚು ಬೆಲೆ. ಬಿಸಿಲು ಕಂಡಷ್ಟೂ ಇದರ ಬಣ್ಣ ಏರುತ್ತದೆ. ಮಾಸುವ ಬದಲು ವಯಸ್ಸಾದಂತೆ ಗಾಢವಾಗುವ ಬಣ್ಣ! ಶಿಬುಯಿ ಎಂಬ ಹೊಗಳಿಕೆ ಹಣ್ಣಿನಿಂದಷ್ಟೇ ಅಲ್ಲ, ಈ ಬಣ್ಣದಿಂದಲೂ ಕಳೆ ಪಡೆದಿರಬೇಕು.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನು ಹೇಳಿದರೆ ‘ಓ, ಚೊಗರು’ ಎನ್ನುತ್ತಾರೆ. ಎಳೆ ಅಡಿಕೆಯನ್ನು ಮೆಟ್ಟುಗತ್ತಿಯಲ್ಲಿ ಸುಲಿದು, ಹಂಡೆಯಲ್ಲಿ ಬೇಯಿಸಿದಾಗ ಬರುವ ಗಾಢ ಕೆಂಪಿನ ನೀರು ಅದು. ಅದನ್ನು ಚೆಲ್ಲುವುದಿಲ್ಲ, ಮುಂದಿನ ಕೊಯ್ಲಿಗೆ ಕಾದಿಟ್ಟು, ಮತ್ತೆ ಅದರಲ್ಲೇ ಅಡಿಕೆ ಬೇಯಿಸಿ, ಕೆಂಪಡಿಕೆಗೆ ಮೈಬಣ್ಣ ಕೂರಿಸುತ್ತಾರೆ. ಸುಗ್ಗಿಯಲ್ಲಿ ಊರಿನವರ ಅಂಗೈಯೆಲ್ಲ ಕಪ್ಪು. ಇದೂ ಟ್ಯಾನಿನ್ನೇ. ಹೆಗ್ಗೋಡಿನ ಪಕ್ಕ ಭೀಮನಕೋಣೆಯ ‘ಚರಕ’ ಸಂಸ್ಥೆಯ ಹೆಂಗಸರು ಈ ಚೊಗರಿನಿಂದ ಹತ್ತಿ ಬಟ್ಟೆಗೆ ಬಣ್ಣ ಹಾಕುತ್ತಾರೆ. ಆ ಕಂದುಗೆಂಪಿನ ಜುಬ್ಬ ತೊಟ್ಟವರನ್ನು ಕ್ಯೋತೊದಲ್ಲಿ ನಿಲ್ಲಿಸಿದರೆ ಶಿಬುಯಿ ಅನ್ನಿಸಿಕೊಂಡೇ ಊರಿಗೆ ಬಂದಾರು. ಅಷ್ಟೇ ಅಲ್ಲ, ಕಾಕಿಯದೇ ಕುಲದ ಒಂದು ಮರ ಪಶ್ಚಿಮ ಕರಾವಳಿಯ ಹೊಳೆದಂಡೆಗಳಲ್ಲಿ ಬೆಳೆಯುತ್ತದೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರಿನಲ್ಲೇ ಮಲಬಾರ್ ಇದೆ. ಅದರ ಹಸಿಕಾಯಿಯ ಅಂಟುರಸವನ್ನು ದೋಣಿಗೂ ಬಲೆಗೂ ಬಳಿಯುತ್ತಿದ್ದರು. ಬೀಡಿ ಕಟ್ಟುವ ತೆಂದು ಎಲೆಯ ಮರವೂ ಇದೇ ಬಳಗ. ದೂರದ ಊರಿನ ಇಬ್ಬರು ಬೆಸ್ತರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಮರದ ದಾಯಾದಿಗಳ ಹತ್ತಿರ ಒಂದೇ ಕೆಲಸ ಮಾಡಿಸಿಕೊಂಡಿದ್ದಾರೆ.

ಇನ್ನು ಚಹ. ಹಸಿರು ಚಹದ ಒಗರಿಗೆ ಕಾರಣವಾದ ವಸ್ತುಗಳಿಗೆ ಕ್ಯಾಟಚಿನ್ ಎಂದು ಹೆಸರು. ಆ ಹೆಸರು ಬಂದದ್ದು ನಮ್ಮ ಬೀಡಾ ಅಂಗಡಿಯ ಕಾಚಿನಿಂದ. ಕಗ್ಗಲಿ ಮರದ ಚೆಕ್ಕೆ ಕುದಿಸಿ ತೆಗೆದ ಕಾಚಿನಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ಅದನ್ನು ಮೊದಲು ಕಂಡರು. ನೀರು ಬಿಸಿಯಾದಷ್ಟೂ ಕ್ಯಾಟಚಿನ್ ಹೆಚ್ಚು ಇಳಿಯುತ್ತದೆ. ಆದ್ದರಿಂದ ಗಿಡಕ್ಕೆ ಸುಮಾರು ಇಪ್ಪತ್ತು ದಿನ ಚಪ್ಪರ ಹಾಕಿ ನೆರಳಲ್ಲಿ ಬೆಳೆಸಿದ ಗ್ಯೊಕುರೊ ಎಲೆಗೆ ಐವತ್ತು ಅರವತ್ತು ಡಿಗ್ರಿಯ ನೀರು ಸಾಕೆನ್ನುತ್ತಾರೆ. ಬಿಸಿಲು ತಾಗಿದರೆ ಎಲೆಯಲ್ಲಿರುವ ಸವಿ ಒಗರಾಗಿ ಬದಲಾಗುತ್ತದೆಂದು ಆ ನೆರಳು. ಇಷ್ಟೆಲ್ಲ ಜಾಗ್ರತೆಯನ್ನು ಓದಿದ ಮೇಲೆ ನಮ್ಮ ಬಸ್‌ಸ್ಟ್ಯಾಂಡಿನ ಚಹ ನೆನಪಾಗಿ ನಗು ಬರುತ್ತದೆ. ಬೆಳಗಿನಿಂದ ಕೊತಕೊತ ಕುದಿದ ಸೊಪ್ಪಿನಲ್ಲಿ ಒಗರು ಇನ್ನೇನು ಬಾಕಿ ಇದ್ದೀತು; ಕಾಪಾಡುವುದು ಹಾಲು, ಬಾಳೆಹೂವಿಗೆ ಮಜ್ಜಿಗೆ ಮಾಡಿದ ಕೆಲಸವನ್ನೇ ಅದೂ ಮಾಡುತ್ತದೆ.

ಜಪಾನಿನಲ್ಲಿ ಸಿಹಿಯ ಹಿಂದೆ ಒಗರು ಬರಲೇಬೇಕು, ನಮ್ಮಲ್ಲಿ ಹೋಳಿಗೆ ಊಟದ ಹಿಂದೆ ಕವಳ ಬಂದಂತೆ. ‘ರಾಕುಗೊ’ ಎಂದು ಅಲ್ಲೊಂದು ಹಾಸ್ಯಕಥನದ ಕಲೆ. ಒಬ್ಬನೇ ಮನುಷ್ಯ ದಿಂಬಿನ ಮೇಲೆ ಮಂಡಿಯೂರಿ ಕೂತು ಹತ್ತು ಜನರ ಮಾತಾಡುತ್ತಾನೆ. ಅದರ ಒಂದು ಹಳೆಯ ಕತೆ ಹೀಗಿದೆ. ಗೆಳೆಯರು ಗುಂಪುಗೂಡಿ ಯಾರಿಗೆ ಯಾವುದರ ಹೆದರಿಕೆ ಎಂದು ಮಾತಾಡುತ್ತಿದ್ದಾರೆ. ಹಾವು, ಜೇಡ, ಇರುವೆ, ಒಬ್ಬೊಬ್ಬರದು ಒಂದೊಂದು. ಒಬ್ಬ ಮಾತ್ರ ನನಗೇನೂ ಹೆದರಿಕೆಯಿಲ್ಲ ಎಂದು ಜಂಬ ಕೊಚ್ಚಿ, ಒತ್ತಾಯದ ಮೇಲೆ ‘ಮಂಜು’ ಎನ್ನುತ್ತಾನೆ. ಮಂಜು ಎಂದರೆ ಹುರುಳಿಯಂಥ ಕೆಂಪು ಕಾಳಿನ ಹೂರಣ ತುಂಬಿದ ಕಡುಬು. ಹೆಸರೆತ್ತಿದರೇ ಮೈ ನಡುಗುತ್ತದೆಂದು ಹೋಗಿ ಮಲಗಿಬಿಡುತ್ತಾನೆ. ಗೆಳೆಯರಿಗೆ ಹಬ್ಬ. ಪೇಟೆಯ ಮಂಜುವನ್ನೆಲ್ಲ ತಂದು ಅವನ ತಲೆದಿಂಬಿನ ಹತ್ತಿರ ರಾಶಿ ಹಾಕಿ, ಬಾಗಿಲ ಸಂದಿಯಿಂದ ನೋಡುತ್ತಾರೆ. ಅವನು ‘ಅಯ್ಯೋ ಹೆದರಿಕೆ, ಅಯ್ಯೋ ಹೆದರಿಕೆ’ ಎನ್ನುತ್ತ ಒಂದೊಂದನ್ನೂ ನುಂಗಿ ಮುಗಿಸುತ್ತಾನೆ. ಮೋಸ ತಿಳಿದ ಗೆಳೆಯರು ಒಳಗೆ ನುಗ್ಗಿ, ನಿಜ ಹೇಳು, ನಿನಗೆ ಯಾವುದರ ಹೆದರಿಕೆ ಎಂದರೆ, ಹೊಟ್ಟೆ ಸವರಿಕೊಂಡು ಹೇಳುತ್ತಾನೆ: ಈಗ ಒಂದು ಲೋಟ ಒಗರು ಚಹ ಕಂಡರೆ ಬಹಳ ಹೆದರಿಕೆಯಾದೀತು.

ಈ ಕತೆ ಹೇಳುವವರಿರುವ ತನಕ ಶಿಬುಯಿಯ ಬಗ್ಗೆ ಬೇರೆ ವ್ಯಾಖ್ಯಾನ ಬೇಡ ಎಂಬುದು ನನ್ನ ಅಭಿಪ್ರಾಯ. ಆದರೆ ವ್ಯಾಖ್ಯಾನಕಾರರು ಬಿಡಬೇಕಲ್ಲ. ಹಳ್ಳಿಯ ಕುಂಬಾರರ ಬಟ್ಟಲುಗಳಲ್ಲಿ ಚೆಲುವು ಕಂಡ ಯಾನಾಗಿ ಸೊಯೆತ್ಸು ಒಗರಿನ ಸೊಗಸಿನ ಬಗ್ಗೆ ಗಂಭೀರವಾಗಿ ಬರೆದರು, ಅವರದು ಓದಬೇಕಾದ್ದೇ. ಅಮೆರಿಕದ ‘ಹೌಸ್ ಬ್ಯೂಟಿಫುಲ್’ ಎಂಬ ಗೃಹಾಲಂಕಾರದ ಪತ್ರಿಕೆಯ ಸಂಪಾದಕಿ ಎಲಿಜಬೆತ್ ಗಾರ್ಡನ್ 1960ರ ಆಗಸ್ಟ್ ಸಂಚಿಕೆಯನ್ನು ಶಿಬುಯಿಗೆಂದೇ ಮೀಸಲಿಟ್ಟರು. ಅಲ್ಲಿಂದ ಅಮೆರಿಕದ ದಿವಾನಖಾನೆಗಳಿಗೆ ಬೂದು, ಕಂದು, ಪಾಚಿ ಬಣ್ಣಗಳು ಹೊಸ ಅಂತಸ್ತಿನೊಂದಿಗೆ ಬಂದವು. 1979ರಲ್ಲಿ ‘ಶಿಬುಮಿ’ ಎಂಬ ಹೆಸರಿನ ಇಂಗ್ಲಿಷ್ ರೋಚಕ ಕಾದಂಬರಿಯೇ ಬಂತು. ಅದರ ನಾಯಕ ಬಾಡಿಗೆ ಕೊಲೆಗಾರ. ಇಷ್ಟಾದ ಮೇಲೆ ಹಣ್ಣಿನ ನೆನಪು ಯಾರಿಗಿರುತ್ತದೆ? ಒಗರು ಏನೆಂದು ನಾಲಗೆಯಲ್ಲಿ ಗೊತ್ತಿಲ್ಲದವರ ಬಾಯಲ್ಲಿ ಶಿಬುಯಿ ಕೇಳಿದಾಗ, ಮಜ್ಜಿಗೆ ನೀರಿಗೆ ಹಾಕದ ಒಂದು ಹಿಡಿ ಬಾಳೆಹೂವು ಕೊಡೋಣ ಎನಿಸುತ್ತದೆ.

ಹಾಗೆಂದು ಪಳಗಿಸಿದ ಒಗರನ್ನು ಪೂರ್ತಿ ನಂಬುವಂತೆಯೂ ಇಲ್ಲ. ಶೋಚುವಿನಲ್ಲಿ ಮಲಗಿಸಿದ ಕಾಕಿ ಹಸಿಯಾಗಿ ತಿಂದರೆ ಜೇನು. ಹಣ್ಣು ಹೆಚ್ಚಾಯಿತೆಂದು ಅದನ್ನೇ ಹೆಚ್ಚಿ, ಸಕ್ಕರೆ ಹಾಕಿ, ಒಲೆಯ ಮೇಲೆ ಜಾಮ್ ಕಾಯಿಸಹೊರಟರೆ, ಗಡ್ಡೆಕಟ್ಟಿದ್ದ ಟ್ಯಾನಿನ್ ಬಿಸಿಗೆ ಸಡಿಲವಾಗಿ ಮತ್ತೆ ಕರಗುತ್ತದೆ. ಜಪಾನಿನ ಗೃಹಿಣಿಯರು ಇದಕ್ಕೆ ‘ಶಿಬು ಮೊದೊರಿ’ ಎನ್ನುತ್ತಾರೆ, ಒಗರು ತಿರುಗಿ ಬರುವುದು. ಹಿಂದಿನ ದಿನ ಸಿಹಿಯೆಂದು ಹೊಗಳಿದ ಹಣ್ಣು ಮರುದಿನ ಬೆಳಿಗ್ಗೆ ಬ್ರೆಡ್ಡಿನ ಮೇಲೆ ಕೂತು ಮನೆಯವರೆಲ್ಲರ ಬಾಯಿ ಕಟ್ಟಿಸುತ್ತದೆ. ತಿಳಿದವರು ಜಾಮಿಗೆ ಮರದಲ್ಲೇ ಸಿಹಿಯಾದ ಫುಯು ತಳಿಯನ್ನೇ ತರುತ್ತಾರೆ. ಅದೂ ಅಂಗಡಿಯಲ್ಲಿ ದುಬಾರಿ. ಅಷ್ಟು ದುಡ್ಡು ಬಿಚ್ಚಲು ಒಪ್ಪದ ಗಂಡನಿಗೆ ಹೆಂಡತಿ ಏನನ್ನುತ್ತಾಳೆಂದು ಹೇಳಬೇಕಾಗಿಲ್ಲ. ಅದು ಹೊಗಳಿಕೆಯಂತೂ ಅಲ್ಲ.